ಮಡಚಿದ ಕಿವಿಯ ಬೆಕ್ಕು ಮನೆಗೆ ಬೇಕೇ?

ಮೊಬೈಲಿನಲ್ಲಿ ದುಂಡುಮುಖದ, ಕಿವಿ ಮಡಚಿದ ಬೆಕ್ಕನ್ನು ಕಂಡ ಮಕ್ಕಳು ‘ನಮಗೂ ಅಂಥದ್ದೇ ಬೇಕು’ ಎಂದು ಹಠ ಹಿಡಿಯುತ್ತಾರೆ. ಅದು ಸ್ಕಾಟಿಷ್ ಫೋಲ್ಡ್. 1961ರಲ್ಲಿ ಸ್ಕಾಟ್‌ಲೆಂಡಿನ ಹೊಲಮನೆಯೊಂದರಲ್ಲಿ ಕಂಡ ಸೂಸಿ ಎಂಬ ಬಿಳಿ ಬೆಕ್ಕೇ ಈ ತಳಿಯ ಮೂಲ.

ಆ ಕಿವಿ ಅಂದವಲ್ಲ, ರೋಗಲಕ್ಷಣ. ವಂಶವಾಹಿಯ ದೋಷದಿಂದ ಮೃದ್ವಸ್ಥಿ ಸರಿಯಾಗಿ ಬೆಳೆಯದೆ ಕಿವಿ ಬಾಗುತ್ತದೆ; ಅದೇ ದೋಷ ಕಾಲು, ಬಾಲದ ಕೀಲುಗಳನ್ನೂ ಕಾಡುತ್ತದೆ. ಕೆಲವಕ್ಕೆ ಎಳವೆಯಲ್ಲೇ ಸಂಧಿವಾತ. ನೋವಿದ್ದರೂ ಬೆಕ್ಕು ಕೂಗುವುದು ಕಡಿಮೆ. ಜಿಗಿಯುವುದನ್ನು ಬಿಡುತ್ತದೆ, ಬಾಲ ಮುಟ್ಟಿದರೆ ಸಿಡುಕುತ್ತದೆ. ನಾವೋ ‘ಎಷ್ಟು ಸಾಧು!’ ಎನ್ನುತ್ತೇವೆ. ಮೈ ಬಾಗದಿದ್ದರೆ ನೆಕ್ಕಿ ಶುಚಿ ಮಾಡಿಕೊಳ್ಳುವುದೂ, ಮಲಮೂತ್ರದ ತಟ್ಟೆ ಹತ್ತುವುದೂ ಕಷ್ಟ. ನಮಾಝಿನ ಚಾಪೆ ಹಾಸುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಪೂರ್ತಿ ಗುಣಪಡಿಸುವ ಮದ್ದಿಲ್ಲ. ಮರುಕಪಟ್ಟು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಟ್ಟೀರಿ, ಜೋಕೆ! ಬೆಕ್ಕಿಗೆ ಅದು ವಿಷ.

ಬ್ರಿಟನ್ನಿನ ಪ್ರಮುಖ ಬೆಕ್ಕು ನೋಂದಣಿ ಸಂಸ್ಥೆ 1970ರ ದಶಕದಲ್ಲೇ ಈ ತಳಿಯನ್ನು ಕೈಬಿಟ್ಟಿತು. ‘ತಾಯಿಯ ಕಿವಿ ನೆಟ್ಟಗಿದೆ, ಮರಿಗೆ ತೊಂದರೆಯಿಲ್ಲ’ ಎಂದು ಮಾರುವವರು ಹೇಳಿದರೆ ನಂಬಬೇಡಿ. ಮರಿಯ ಕಿವಿ ಮಡಚಿದ್ದರೆ ದೋಷ ಇದ್ದೇ ಇರುತ್ತದೆ. ಈಗಾಗಲೇ ಸಾಕುತ್ತಿರುವವರು ಪಶುವೈದ್ಯರಿಂದ ಕಾಲಿನ ಎಕ್ಸ್‌ರೇ ಮಾಡಿಸಿ. ಹೊಸದಾಗಿ ತರುವವರಿಗೆ ಅಂಗಳಕ್ಕೆ ಬರುವ ನಾಟಿ ಮರಿಯೇ ಸಾಕು. ಲಸಿಕೆ ಹಾಕಿಸಿ, ಜಂತುಹುಳುವಿನ ಮದ್ದು ಕೊಡಿಸಿ.