ಮಳೆಯಿಲ್ಲದ ಊರಿಗೆ ಬರುವ ಪ್ರವಾಹ

ಹುಣಸೂರು ಸೀಮೆಯ ಹೊಳೆಗಳದ್ದು ಒಂದು ವಿಚಿತ್ರ ಸ್ವಭಾವ. ಇಲ್ಲಿ ಮೋಡ ಕವಿಯದೆ, ಹನಿ ಬೀಳದೆ, ಎಳೆಬಿಸಿಲು ಕಾಯುತ್ತಿರುವಾಗಲೇ ಪ್ರವಾಹ ಬಂದುಬಿಡಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕುಗಳು ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಹೊಸ್ತಿಲಿನಂತಿವೆ. ಕಾವೇರಿ ಮತ್ತು ಲಕ್ಷ್ಮಣತೀರ್ಥಗಳು ಕೊಡಗಿನಿಂದ, ಕಬಿನಿ ವಯನಾಡಿನಿಂದ ಈ ಹೊಸ್ತಿಲನ್ನು ದಾಟಿ ಬಯಲಿಗಿಳಿಯುತ್ತವೆ. ನೀರು ಹುಟ್ಟುವುದು ಒಂದು ಕಡೆ, ಉಕ್ಕುವುದು ಇನ್ನೊಂದು ಕಡೆ. ದಂಡೆಯಲ್ಲಿ ನಿಂತವನಿಗೆ ಹೊಳೆ ಕಾಣುತ್ತದೆ, ಮಳೆ ಕಾಣುವುದಿಲ್ಲ. ಅಪಾಯ ಇರುವುದು ಅಲ್ಲೇ.

ಕೆ.ಆರ್. ನಗರದ ಬಯಲಿನಲ್ಲಿ ವರ್ಷವಿಡೀ ಬೀಳುವಷ್ಟು ಮಳೆ ಬ್ರಹ್ಮಗಿರಿಯ ನೆತ್ತಿಯ ಮೇಲೆ ಕೆಲವೊಮ್ಮೆ ಒಂದೇ ವಾರದಲ್ಲಿ ಸುರಿದುಬಿಡುತ್ತದೆ. ನಮ್ಮ ರೈತರು ಇದನ್ನು ಹವಾಮಾನ ಇಲಾಖೆ ಹುಟ್ಟುವ ಮೊದಲೇ ನಕ್ಷತ್ರಗಳ ಲೆಕ್ಕದಲ್ಲಿ ಗುರುತಿಸಿಕೊಂಡಿದ್ದರು. ಪುನರ್ವಸು, ಪುಷ್ಯಗಳಲ್ಲಿ ನೆನೆದು ನೀರು ಕುಡಿದು ತಣಿದ ಬೆಟ್ಟ, ಆಗಸ್ಟ್ ಮೊದಲ ವಾರ ಹುಟ್ಟುವ ಆಶ್ಲೇಷಾ ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳಲಾರದೆ ಕೆಳಗೆ ದಬ್ಬುತ್ತದೆ. ಆಶ್ಲೇಷಾ ಮಳೆಯ ಹೊಳೆ ಈಸಲಾಗದ ಹೊಳೆ ಎಂಬ ಗಾದೆ ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ. 2018 ಮತ್ತು 2019ರಲ್ಲಿ ಈ ಸೀಮೆಯನ್ನು ಕಾಡಿದ ಪ್ರವಾಹಗಳೆರಡೂ ಆಗಸ್ಟ್ ತಿಂಗಳ ಮೊದಲ ಮೂರು ವಾರಗಳೊಳಗೇ ಬಂದವು. 2020ರ ಆಗಸ್ಟ್ 6ರಂದು ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಕುಟುಂಬವನ್ನು ನುಂಗಿದ್ದೂ ಅದೇ ನಕ್ಷತ್ರದಲ್ಲಿ.

ಇಂಥ ಹೊಳೆಯ ಸೊಬಗನ್ನು ನೋಡಬೇಕಾದರೆ ಚುಂಚನಕಟ್ಟೆಗೆ ಹೋಗಬೇಕು. ಕಾವೇರಿ ಅಲ್ಲಿ ಬಂಡೆಗಳ ನಡುವೆ ಇಬ್ಭಾಗವಾಗಿ ಸುಮಾರು 60 ಅಡಿ ಆಳಕ್ಕೆ ಧುಮುಕಿ ಮತ್ತೆ ಒಂದಾಗುತ್ತಾಳೆ. ನಾನು ಹುಣಸೂರು ಉಪವಿಭಾಗದಲ್ಲಿ ಸೇವೆಯಲ್ಲಿದ್ದ ವರ್ಷಗಳಲ್ಲಿ ಕಚೇರಿಯ ಕೆಲಸದ ನೆವ ಮಾಡಿಕೊಂಡು ಮಳೆಗಾಲದಲ್ಲಿ ಒಂದೆರಡು ಬಾರಿಯಾದರೂ ಆ ದಾರಿ ಹಿಡಿಯುತ್ತಿದ್ದೆ. ಬೇಸಿಗೆಯಲ್ಲಿ ಮಕ್ಕಳು ನೆಗೆದು ದಾಟುವ ಸೀಳುಗಳಲ್ಲಿ ಜುಲೈ ಕೊನೆಯ ಹೊತ್ತಿಗೆ ನೀರು ಕೆನೆಗಟ್ಟಿ ಕುದಿಯುತ್ತಿರುತ್ತದೆ. ತುಂತುರು ದೇವಸ್ಥಾನದ ಕಡೆಗೆ ತೇಲಿ ಬರುತ್ತದೆ. ಸೀತೆಯ ಸ್ನಾನಕ್ಕೆ ನೀರು ಬೇಕಾಗಿ, ರಾಮನ ಅಪ್ಪಣೆಯಂತೆ ಲಕ್ಷ್ಮಣ ಬಂಡೆಗೆ ಬಾಣ ಹೊಡೆದಾಗ ಅರಿಶಿನ, ಎಣ್ಣೆ, ಸೀಗೆಯ ಬಣ್ಣದ ನೀರು ಚಿಮ್ಮಿತೆಂಬುದು ಅಲ್ಲಿನ ಸ್ಥಳಪುರಾಣ. ಕೋದಂಡರಾಮನ ಗರ್ಭಗುಡಿಯೊಳಗೆ ಜಲಪಾತದ ಭೋರ್ಗರೆತ ಕೇಳಿಸದೆಂಬ ಪ್ರತೀತಿಯೂ ಇದೆ. ಲಕ್ಷ್ಮಣತೀರ್ಥದ ಹುಟ್ಟಿನ ಕಥೆಯಲ್ಲೂ ಲಕ್ಷ್ಮಣನ ಬಾಣವೇ ಇರುವುದು ಕುತೂಹಲದ ಸಂಗತಿ. ಬಾಣ ತಗುಲಿದಂತೆ ಹಠಾತ್ತನೆ ಬಂಡೆಯಿಂದ ನೀರು ನುಗ್ಗುವುದನ್ನು ಕಣ್ಣಾರೆ ಕಂಡ ಜನರೇ ಇಂಥ ಕಥೆ ಕಟ್ಟಿರಬೇಕು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಆ ಬಂಡೆಗಳ ಬಳಿ ಮೀನು ಹಿಡಿಯುತ್ತಿದ್ದ ವೃದ್ಧರೊಬ್ಬರು ನನಗೆ ಹೇಳಿದ ಮಾತು ಇನ್ನೂ ನೆನಪಿದೆ: ‘ಮಟ್ಟ ನೋಡ್ಬೇಡಿ ಬುದ್ಧಿ, ಬಣ್ಣ ನೋಡಿ.’ ಹೊಸನೀರು ಬರುವ ಮುನ್ನ ತಿಳಿನೀರು ಕದಡಿ ಕೆಂಪಾಗುತ್ತದೆ. ಒಣ ಎಲೆ, ಕಡ್ಡಿ, ಬಿದಿರಿನ ಕಸ ತೇಲಿಬರುತ್ತವೆ. ಬೀಳುವ ನೀರಿನ ಸದ್ದು ದಪ್ಪಗಾಗುತ್ತದೆ. ಮಟ್ಟ ಏರುವುದು ಇವೆಲ್ಲ ಆದ ಮೇಲೆ. ಅದೂ ಬಯಲಿನ ಹೊಳೆಯಂತೆ ನಿಧಾನವಾಗಿ ಅಲ್ಲ.

ಇದರ ಹಿಂದಿನ ಭೌತಶಾಸ್ತ್ರ ಸರಳವಾಗಿಯೇ ಇದೆ. ಅಗಲವಾದ ಪಾತ್ರದಲ್ಲಿ ಹೆಚ್ಚುವರಿ ನೀರು ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಕಲ್ಲಿನ ಗೋಡೆಗಳ ನಡುವೆ ಹರಡಲು ಎಡೆಯಿಲ್ಲವಾದ್ದರಿಂದ ಅದು ಮೇಲಕ್ಕೇರಬೇಕು, ಇಲ್ಲವೇ ವೇಗ ಹೆಚ್ಚಿಸಿಕೊಳ್ಳಬೇಕು. ಎರಡನ್ನೂ ಒಟ್ಟಿಗೇ ಮಾಡುತ್ತದೆ. ವೇಗ ಇಮ್ಮಡಿಯಾದರೆ ನೀರು ನೂಕುವ ಬಲ ನಾಲ್ಮಡಿಯಾಗುತ್ತದೆ. ಅದು ಉರುಳಿಸಬಲ್ಲ ಕಲ್ಲಿನ ತೂಕ, ಜಲಶಾಸ್ತ್ರದ ಹಳೆಯ ಸೂತ್ರದ ಪ್ರಕಾರ, 64 ಪಟ್ಟು ಹೆಚ್ಚುತ್ತದೆ. ಈಜು ಬಲ್ಲವನೂ ಮೊಣಕಾಲುದ್ದದ ನೀರಿನಲ್ಲಿ ನಿಲ್ಲಲಾರದೆ ಹೋಗುವುದು ಇದರಿಂದಲೇ.

ಕಂದರವೆಂಬ ಮಾತಿಗೆ ನಮ್ಮಲ್ಲಿ ತಕ್ಕ ಉದಾಹರಣೆ ಮೇಕೆದಾಟು. ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿಯನ್ನು ಸೇರಿಸಿಕೊಂಡು ವಿಶಾಲವಾಗಿ ಹರಿಯುವ ಕಾವೇರಿ, ಕೆಲವೇ ಕಿಲೋಮೀಟರ್ ಕೆಳಗೆ ಮೇಕೆಯೊಂದು ನೆಗೆದು ದಾಟಿತೆಂದು ಕಥೆ ಹುಟ್ಟುವಷ್ಟು ಕಿರಿದಾದ ಬಿರುಕಿಗೆ ತನ್ನನ್ನು ತುರುಕಿಕೊಳ್ಳುತ್ತಾಳೆ. ಸುಳಿಗೆ ಸಿಕ್ಕ ಉರುಟುಕಲ್ಲುಗಳು ಸಾವಿರಾರು ವರ್ಷ ಗಿರಗಿರನೆ ತಿರುಗಿ ಗಟ್ಟಿಬಂಡೆಯಲ್ಲಿ ಒರಳಿನಂಥ ಗುಳಿಗಳನ್ನು ಕೊರೆದಿವೆ. ಅವನ್ನು ಮುಟ್ಟಿ ನೋಡಿದರೆ ಸಾಣೆ ಹಿಡಿದಷ್ಟು ನುಣುಪು. ಆ ಕೆತ್ತನೆಯನ್ನು ಮೆಚ್ಚುವವರು ಅದರ ಸಲಕರಣೆ ಯಾವುದೆಂದು ಯೋಚಿಸುವುದಿಲ್ಲ. ಅಲ್ಲಿ ಕಾಲು ಜಾರಿ, ಸುಳಿಗೆ ಸಿಕ್ಕಿ ಸತ್ತವರ ಸುದ್ದಿ ಪ್ರತಿ ವರ್ಷವೆಂಬಂತೆ ಪತ್ರಿಕೆಗಳಲ್ಲಿ ಬರುತ್ತಲೇ ಇದೆ.

ಲೋಕದ ಬೇರೆಡೆಯಲ್ಲೂ ಇದೇ ಕಥೆ. ಅಮೆರಿಕದ ಅರಿಜೋನಾದಲ್ಲಿ ಆಂಟಿಲೋಪ್ ಎಂಬ ಮರಳುಗಲ್ಲಿನ ಕಿರುಕಂದರವಿದೆ. ಅದರ ಅಲೆಯಲೆಯಾದ ಗೋಡೆಗಳ ಮೇಲೆ ಬೀಳುವ ಬೆಳಕಿನ ಚಿತ್ರಗಳನ್ನು ಓದುಗರು ಕ್ಯಾಲೆಂಡರುಗಳಲ್ಲಿ ಕಂಡಿರಬಹುದು. 1997ರ ಆಗಸ್ಟ್ 12ರಂದು ಅಲ್ಲಿಂದ ಮೈಲಿಗಳಾಚೆ ಸುರಿದ ಬಿರುಮಳೆಯ ನೀರು ನುಗ್ಗಿ 11 ಪ್ರವಾಸಿಗರನ್ನು ಕೊಚ್ಚಿಕೊಂಡು ಹೋಯಿತು. ಅದು ಪ್ರಕೃತಿಯ ಕೈ. ನಮ್ಮ ದೇಶದಲ್ಲಿ ಇದಕ್ಕೆ ಮನುಷ್ಯನ ಕೈಯೂ ಸೇರಿಕೊಂಡಿದೆ. 2005ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಧಾರಾಜಿಯಲ್ಲಿ ಅಮಾವಾಸ್ಯೆಯ ಸ್ನಾನಕ್ಕೆ ನರ್ಮದೆಯ ದಡದಲ್ಲಿ ನೆರೆದಿದ್ದ ಜನರ ಮೇಲೆ ಇಂದಿರಾಸಾಗರದಿಂದ ಬಿಟ್ಟ ನೀರು ಬಂದೆರಗಿ 60ಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರು. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯ ಕಲ್ಲುಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲಾರ್ಜಿ ವಿದ್ಯುತ್ ಯೋಜನೆಯಿಂದ ಬಿಟ್ಟ ನೀರಿಗೆ ಬಲಿಯಾದರು. ಎರಡು ಕಡೆಯೂ ಮಳೆ ಇರಲಿಲ್ಲ. ಎರಡು ಕಡೆಯೂ ಮೇಲೆ ಗೇಟು ತೆರೆದವರಿಗೆ ಕೆಳಗಿನವರು ಕಾಣುತ್ತಿರಲಿಲ್ಲ.

ನಮ್ಮ ಸೀಮೆಯಲ್ಲಿ ಈ ಎರಡೂ ಬಗೆಯ ಹೊಳೆಗಳಿವೆ. ಲಕ್ಷ್ಮಣತೀರ್ಥಕ್ಕೆ ದೊಡ್ಡ ಅಣೆಕಟ್ಟೆಯಿಲ್ಲ. ಇರ್ಪುವಿನ ಜಲಪಾತದಿಂದ ಇಳಿದು, ಹನಗೋಡಿನ ಒಡ್ಡನ್ನು ಹಾಯ್ದು, ಹುಣಸೂರು ಪಟ್ಟಣವನ್ನು ಬಳಸಿ, ಕೊನೆಗೆ ಸಾಗರಕಟ್ಟೆಯ ಬಳಿ ಕೃಷ್ಣರಾಜಸಾಗರದ ಹಿನ್ನೀರನ್ನು ಸೇರುತ್ತದೆ. ಬೇಸಿಗೆಯಲ್ಲಿ ಇದು ಹೊಳೆಯೆಂದು ಕರೆಸಿಕೊಳ್ಳುವ ಯೋಗ್ಯತೆಯನ್ನೂ ಕಳೆದುಕೊಂಡಿರುತ್ತದೆ. ಪಟ್ಟಣದ ಕೊಳಚೆ, ಅಂತರಗಂಗೆ, ದಂಡೆಗೆ ಸುರಿದ ಕಟ್ಟಡದ ಮಣ್ಣು. ಹೀಗೆ ಸತ್ತಂತೆ ಬಿದ್ದ ಹೊಳೆಯ ಅಂಚಿಗೆ ಜನ ಮನೆ ಒತ್ತಿ ಕಟ್ಟುವುದು ಅಚ್ಚರಿಯಲ್ಲ. 2019ರ ಆಗಸ್ಟ್‌ನಲ್ಲಿ ಹೊಳೆ ತನ್ನ ಹಳೆಯ ಸರಹದ್ದನ್ನು ಜ್ಞಾಪಿಸಿಕೊಂಡಾಗ ಹುಣಸೂರಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು, ಹನಗೋಡು ಹೋಬಳಿಯ ಗದ್ದೆಗಳು ಮುಳುಗಿದವು. ಕಂದಾಯ ದಾಖಲೆಗಳಲ್ಲಿ ಹೊಳೆಯ ಗಡಿಯನ್ನು ಗೆರೆ ಎಳೆದು ತೋರಿಸಿರುತ್ತೇವೆ. ಹೊಳೆ ಆ ನಕ್ಷೆಯನ್ನು ನೋಡಿರುವುದಿಲ್ಲ.

ಕಬಿನಿಯ ಲೆಕ್ಕ ಬೇರೆ. ಎಚ್.ಡಿ. ಕೋಟೆಯದು ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳ ತಾಲ್ಲೂಕು. ಇವುಗಳಲ್ಲಿ ದೊಡ್ಡದಾದ, 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಒಟ್ಟು ಸಾಮರ್ಥ್ಯ 19.52 ಟಿಎಂಸಿ ಅಡಿ. ಕೃಷ್ಣರಾಜಸಾಗರದ 49.45ಕ್ಕೆ ಹೋಲಿಸಿದರೆ ಇದು ಸಣ್ಣ ಪಾತ್ರೆ. ಆದರೆ ಅದಕ್ಕೆ ನೀರು ಸುರಿಯುವ ವಯನಾಡಿನ ಕೈ ದೊಡ್ಡದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನ ಚಾಳಿ, ಓದುಗರು ಒಂದು ಸಣ್ಣ ಗಣಿತವನ್ನು ಸಹಿಸಿಕೊಳ್ಳಬೇಕು. ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ಅಂದರೆ ಸುಮಾರು 28 ಲಕ್ಷ ಲೀಟರ್ ನೀರು ದಿನವಿಡೀ ಹರಿದರೆ 8.64 ಟಿಎಂಸಿ ಆಗುತ್ತದೆ. ಆ ಪ್ರಮಾಣದ ಒಳಹರಿವಿನಲ್ಲಿ ಖಾಲಿ ಕಬಿನಿ ತುಂಬಲು ಎರಡೂಕಾಲು ದಿನ ಸಾಕು. ತುಂಬಿದ ಕಬಿನಿಗೆ ಆಯ್ಕೆಯೇ ಇಲ್ಲ, ಬಂದಷ್ಟನ್ನೂ ಬಿಡಬೇಕು. 2019ರ ಆಗಸ್ಟ್‌ನಲ್ಲಿ ಹೊರಹರಿವು ಒಂದು ಲಕ್ಷ ಕ್ಯುಸೆಕ್ ಮೀರಿದಾಗ ನಂಜನಗೂಡು ಮುಳುಗಿ ಮೈಸೂರಿನ ಹೆದ್ದಾರಿ ಕಡಿದುಹೋದದ್ದು ಹೀಗೆ.

ಹಾಗಾದರೆ ಆಗಸ್ಟ್ ತನಕ ಜಲಾಶಯವನ್ನು ಸ್ವಲ್ಪ ಖಾಲಿ ಬಿಡಬಾರದೇ? ಕೇಳಲು ಸುಲಭ. ಅಣೆಕಟ್ಟೆಯ ಎಂಜಿನಿಯರನ ಸ್ಥಾನದಲ್ಲಿ ನಿಂತು ನೋಡಬೇಕು. ಜುಲೈನಲ್ಲಿ ಆತ ಎರಡು ಟಿಎಂಸಿ ಖಾಲಿ ಬಿಟ್ಟು, ಮುಂದೆ ಮಳೆ ಕೈಕೊಟ್ಟರೆ ರೈತರು, ಶಾಸಕರು, ಮಂತ್ರಿಗಳು ಒಕ್ಕೊರಲಿನಿಂದ ಆತನನ್ನು ದೂರುತ್ತಾರೆ. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ತಮಿಳುನಾಡಿಗೆ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಒದಗಿಸಬೇಕಾದ ರಾಜ್ಯದಲ್ಲಿ ಪ್ರತಿ ಹನಿಗೂ ಲೆಕ್ಕವಿದೆ. ಜಲಾಶಯ ಬೇಗ ತುಂಬಿದರೆ ಬಾಗಿನದ ಸಂಭ್ರಮ, ಮೊರದಲ್ಲಿ ಅರಿಶಿನ ಕುಂಕುಮ, ಮುಖಪುಟದಲ್ಲಿ ಚಿತ್ರ. ಬಾರದೆ ಉಳಿದ ಪ್ರವಾಹಕ್ಕಾಗಿ ಯಾರಿಗೂ ಯಾರೂ ಹಾರ ಹಾಕಿದ್ದನ್ನು ಮೂವತ್ತು ವರ್ಷದ ಸೇವೆಯಲ್ಲಿ ನಾನು ಕಂಡಿಲ್ಲ. ತುಂಬಿಟ್ಟುಕೊಳ್ಳುವುದರ ಲಾಭ ಒಬ್ಬರಿಗೆ, ಹಠಾತ್ತನೆ ಬಿಡುವುದರ ನಷ್ಟ ಮತ್ತೊಬ್ಬರಿಗೆ ಎಂದಾದಾಗ ನಿರ್ಧಾರ ಯಾವ ಕಡೆಗೆ ವಾಲುತ್ತದೆಂದು ಹೇಳಲು ಅರ್ಥಶಾಸ್ತ್ರದ ಪದವಿಯೇನೂ ಬೇಕಿಲ್ಲ.

ಆದರೂ ಆ ಎರಡು ಟಿಎಂಸಿಯ ಬೆಲೆಯನ್ನು ಸರಿಯಾಗಿ ಕಟ್ಟಬೇಕು. ಕಬಿನಿಯ ಸಾಮರ್ಥ್ಯದ ಹತ್ತನೇ ಒಂದು ಭಾಗವನ್ನು ಆಗಸ್ಟ್ ಮಧ್ಯದ ತನಕ ಖಾಲಿ ಇಟ್ಟರೂ ಅದು 2019ರಂಥ ಪ್ರವಾಹವನ್ನು ತಡೆಯಲಾರದು. ಒಂದು ಲಕ್ಷ ಕ್ಯುಸೆಕ್ ಒಳಹರಿವಿನಲ್ಲಿ ಆ ಜಾಗ ಐದೂವರೆ ಗಂಟೆಯೊಳಗೆ ತುಂಬಿಹೋಗುತ್ತದೆ. ಇದನ್ನೇ ಮುಂದೊಡ್ಡಿ, ಖಾಲಿ ಬಿಡುವುದರಿಂದ ಪ್ರಯೋಜನವಿಲ್ಲ ಎಂದು ವಾದಿಸುವವರಿದ್ದಾರೆ. ನಾನು ಅದೇ ಲೆಕ್ಕದಿಂದ ವಿರುದ್ಧ ತೀರ್ಮಾನಕ್ಕೆ ಬರುತ್ತೇನೆ. ನಮಗೆ ಬೇಕಾಗಿರುವುದೇ ಆ ಐದು ಗಂಟೆ. ಗೇಟುಗಳನ್ನು ಒಮ್ಮೆಲೇ ಎತ್ತದೆ ಹಂತಹಂತವಾಗಿ ಎತ್ತಲು, ದನಕರುಗಳನ್ನು ಬಿಡಿಸಿಕೊಳ್ಳಲು, ಬಟ್ಟೆ ಒಗೆಯುವವರನ್ನೂ ಸ್ನಾನಘಟ್ಟದ ಭಕ್ತರನ್ನೂ ಮೇಲೆ ಕಳುಹಿಸಲು, ಪಂಪ್‌ಸೆಟ್ ಕಳಚಲು ಅಷ್ಟು ಹೊತ್ತು ಸಾಕು. ಬಹುಪಾಲು ವರ್ಷಗಳಲ್ಲಿ ಕಬಿನಿ ಹೇಗೂ ತುಂಬುವುದರಿಂದ, ನಾವು ಕಳೆದುಕೊಳ್ಳುವುದು ಎರಡು ಟಿಎಂಸಿಯನ್ನಲ್ಲ, ಅಪರೂಪಕ್ಕೊಮ್ಮೆ ಅದು ಸಿಗದೆ ಹೋಗುವ ಸಂಭವವನ್ನು ಮಾತ್ರ.

ಇನ್ನು ಎಚ್ಚರಿಕೆಯ ಮಾತು. ಹಿಂದೆ ತಳವಾರ ತಮಟೆ ಬಡಿದು ಡಂಗುರ ಸಾರುತ್ತಿದ್ದ. ಅವನಿಗೆ ಹೊಳೆದಂಡೆಯಲ್ಲಿ ಯಾರು ಯಾವ ಹೊತ್ತಿಗೆ ಇರುತ್ತಾರೆಂಬುದು ಗೊತ್ತಿತ್ತು. ಇಂದು ವಯನಾಡಿನ ಮುತ್ತಂಕೆರೆ, ಕೊಡಗಿನ ಕೂಡಿಗೆ, ಹುಣಸೂರಿನ ಕಟ್ಟೆಮಳಲವಾಡಿಗಳಲ್ಲಿ ಕೇಂದ್ರ ಜಲ ಆಯೋಗ ನದಿಯ ಮಟ್ಟ ಅಳೆಯುತ್ತದೆ. 2020ರಿಂದ ಹವಾಮಾನ ಇಲಾಖೆ ಹಠಾತ್ ಪ್ರವಾಹಕ್ಕೆಂದೇ ಪ್ರತ್ಯೇಕ ಮುನ್ಸೂಚನೆಯ ವ್ಯವಸ್ಥೆ ಹೊಂದಿದೆ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳು ಏಕಕಾಲಕ್ಕೆ ಅರಚಿ ಜನರನ್ನು ಬೆಚ್ಚಿಬೀಳಿಸಿದ್ದು ನೆನಪಿರಬಹುದು. ಅದು ತುರ್ತು ಸಂದೇಶದ ಪರೀಕ್ಷೆ. ತಂತ್ರಜ್ಞಾನಕ್ಕೆ ಕೊರತೆಯಿಲ್ಲ. ಆದರೆ ‘ನದಿಪಾತ್ರದ ಜನರು ಎಚ್ಚರದಿಂದಿರಬೇಕು’ ಎಂಬ ಪ್ರಕಟಣೆಯ ಭಾಷೆಯಿಂದ ಯಾರೂ ಎಚ್ಚರಗೊಳ್ಳುವುದಿಲ್ಲ. ‘ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಸೋಪಾನದ ಏಳನೇ ಮೆಟ್ಟಿಲು ಮುಳುಗುತ್ತದೆ’ ಎಂದರೆ ಎದ್ದು ಹೋಗುತ್ತಾರೆ.

ಸ್ಥಳೀಯರಾದರೂ ಬಣ್ಣ ನೋಡಿ ತಿಳಿದಾರು. ಬೆಂಗಳೂರಿನಿಂದ ಭಾನುವಾರ ಬಂದು ಬಂಡೆಯ ಮೇಲೆ ಸೆಲ್ಫಿಗೆ ನಿಲ್ಲುವ ಹುಡುಗರಿಗೆ ಹಾರಂಗಿಯಲ್ಲಿ ಗೇಟು ಎತ್ತಿದರೆ ಚುಂಚನಕಟ್ಟೆಯಲ್ಲಿ ಏನಾಗುತ್ತದೆಂದು ಯಾರು ಹೇಳಬೇಕು? ಚುಂಚನಕಟ್ಟೆಯಲ್ಲೂ ಗಗನಚುಕ್ಕಿಯಲ್ಲೂ ನಡೆದ ಜಲಪಾತೋತ್ಸವಗಳಿಗೆ ನಾನು ವಿರೋಧಿಯಲ್ಲ. ಜನ ಹೊಳೆಯನ್ನು ನೋಡಲಿ. ದೀಪಾಲಂಕಾರಕ್ಕೆ ತೆಗೆದಿಡುವ ಹಣದ ಒಂದಂಶವನ್ನು ವರ್ಷವಿಡೀ ದಡದಲ್ಲಿರುವ ಇಬ್ಬರು ಕಾವಲುಗಾರರಿಗೆ ತೆಗೆದಿಡಬಹುದು. ಅವರು ಬೆಸ್ತರ ಕೇರಿಯವರಾದರೆ ತರಬೇತಿಯ ಖರ್ಚೂ ಇಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ನಿಗದಿತ ಅಣೆಕಟ್ಟೆಗಳಿಗೆ ತುರ್ತು ಕ್ರಿಯಾ ಯೋಜನೆಯನ್ನು ಕಡ್ಡಾಯಗೊಳಿಸಿ, ಅದಕ್ಕೆ ಐದು ವರ್ಷಗಳ ಗಡುವು ಇತ್ತಿದೆ. ಆ ಯೋಜನೆ ಜಲಸಂಪನ್ಮೂಲ ಇಲಾಖೆಯ ಕಪಾಟಿನಲ್ಲಿ ಇಂಗ್ಲಿಷಿನಲ್ಲಿ ಕುಳಿತರೆ ಉಪಯೋಗವಿಲ್ಲ. ಕೆಳದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ಇಷ್ಟು ಕ್ಯುಸೆಕ್ ಬಿಟ್ಟರೆ ನಮ್ಮೂರಿನ ಯಾವ ಕಲ್ಲು, ಯಾವ ಸೇತುವೆ, ಯಾವ ಮನೆ ಮುಳುಗುತ್ತದೆ ಎಂದು ಕನ್ನಡದಲ್ಲಿ ಬರೆದಿರಬೇಕು. ಶಿವನಸಮುದ್ರದ 19ನೆಯ ಶತಮಾನದ ಕಲ್ಲುಕಂಬದ ಸೇತುವೆಯ ಒಂದು ಭಾಗ 2018ರ ಆಗಸ್ಟ್‌ನಲ್ಲಿ ಕೊಚ್ಚಿಹೋಯಿತು. ಅಂದು ನೀರು ಎಲ್ಲಿಯವರೆಗೆ ಏರಿತ್ತೆಂದು ತೋರಿಸಬಲ್ಲ ಹಿರಿಯರು ಹೊಳೆಸಾಲಿನ ಊರುಗಳಲ್ಲಿ ಇನ್ನೂ ಇದ್ದಾರೆ. ಗುರುತು ಹಾಕುವ ಕೆಲಸವನ್ನು ಮುಂದಿನ ಆಶ್ಲೇಷಾ ಹುಟ್ಟುವುದರೊಳಗೆ ಅವರನ್ನು ಕರೆದುಕೊಂಡೇ ಮಾಡಬಹುದು.