ಜಾಣ ಗಡಿಯಾರ: ಗುಣವೆಷ್ಟು, ಕೊರತೆಯೆಷ್ಟು?

ನಾಂಪಲ್ಲಿಯ ಸುತ್ತಮುತ್ತ ವಾಸಿಸುವ ನಮಗೆ ಗಡಿಯಾರವೇನೂ ಹೊಸ ವಸ್ತುವಲ್ಲ. ರೈಲು ನಿಲ್ದಾಣದಿಂದ ತುಸು ದೂರ ನಡೆದರೆ ಮೊಅಜ್ಜಂ ಜಾಹೀ ಮಾರುಕಟ್ಟೆಯ ಗೋಪುರದ ಗಡಿಯಾರ ಕಣ್ಣಿಗೆ ಬೀಳುತ್ತದೆ. ಬೀದರ, ಕಲಬುರ್ಗಿ, ರಾಯಚೂರುಗಳಿಂದ ಬಂದು ನೆಲೆಸಿದ ಮನೆಗಳಲ್ಲಿ ಹಿರಿಯರ ಎಚ್.ಎಂ.ಟಿ. ಕೈಗಡಿಯಾರವನ್ನು ಈಗಲೂ ಜೋಪಾನವಾಗಿ ಇಟ್ಟಿರುವುದುಂಟು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭವಾದ ಆ ಕಾರಖಾನೆಯ ಗಡಿಯಾರ ಕೇಳುತ್ತಿದ್ದುದು ದಿನಕ್ಕೊಮ್ಮೆ ಕೀಲಿ, ತಿಳಿಸುತ್ತಿದ್ದುದು ವೇಳೆ. ಈಗಿನ ಸ್ಮಾರ್ಟ್ ವಾಚು ತಿಳಿಸುವುದೂ ಹೆಚ್ಚು, ಕೇಳುವುದೂ ಹೆಚ್ಚು.

ಬೆಲೆಯನ್ನೇ ನೋಡಿರಿ. 2022ರಲ್ಲಿ ಆಪಲ್ ವಾಚ್ ಅಲ್ಟ್ರಾ ನಮ್ಮ ದೇಶಕ್ಕೆ ಬಂದಾಗ ಅದರ ಬೆಲೆ 89,900 ರೂಪಾಯಿ. ಇಷ್ಟು ಹಣ ತೆತ್ತು ದೂರದೂರಿನ ಮಕ್ಕಳು ಇಲ್ಲಿರುವ ತಂದೆತಾಯಿಗಳಿಗೆ ಇಂತಹ ವಾಚನ್ನು ಕಳುಹಿಸುವುದು ಈಗ ಅಪರೂಪವಲ್ಲ. ಕೊಡುವವರದು ಪ್ರೀತಿ, ಸರಿ. ಆದರೆ ಆ ಹಣಕ್ಕೆ ತಕ್ಕ ಉಪಯೋಗ ಯಾರಿಗೆ, ಎಷ್ಟು ಎಂಬುದನ್ನು ತೂಗಿ ನೋಡುವುದು ಒಳ್ಳೆಯದು.

ಮೊದಲು ಗುಣಗಳು. ವಾಚಿನ ಅಡಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮದೊಳಗಿನ ರಕ್ತದ ಏರಿಳಿತವನ್ನು ಗುರುತಿಸಿ ನಾಡಿಯ ಬಡಿತವನ್ನು ಎಣಿಸುತ್ತದೆ. ಬಡಿತ ಲಯ ತಪ್ಪಿದಂತೆ ಕಂಡರೆ ಎಚ್ಚರಿಸುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಈ ಲಯದೋಷವು ಎಷ್ಟೋ ಸಲ ರೋಗಿಗೆ ತಿಳಿಯುವುದೇ ಇಲ್ಲ. ಆದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುವ ಅಪಾಯವುಂಟು. 4,19,297 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಆಪಲ್ ಹೃದಯ ಅಧ್ಯಯನದಲ್ಲಿ ಎಚ್ಚರಿಕೆ ಪಡೆದವರು ನೂರಕ್ಕೆ ಅರ್ಧದಷ್ಟು ಮಾತ್ರ. ಅವರಲ್ಲಿ ಇ.ಸಿ.ಜಿ. ಪಟ್ಟಿ ಧರಿಸಿ ಹಿಂತಿರುಗಿಸಿದ 450 ಮಂದಿಯ ಪೈಕಿ ಶೇಕಡಾ 34 ಜನರಲ್ಲಿ ಈ ದೋಷ ಕಂಡುಬಂದಿತು. ಇದು ಬಂದು ಹೋಗುವ ದೋಷವಾದುದರಿಂದ ಮಿಕ್ಕವರೆಲ್ಲರಿಗೂ ಬಂದ ಎಚ್ಚರಿಕೆ ಸುಳ್ಳೆಂದು ಹೇಳುವಂತಿಲ್ಲ. ಆದುದರಿಂದ ಎಚ್ಚರಿಕೆ ಬಂದರೆ ಗಾಬರಿಯಾಗದೆ, ಉದಾಸೀನವನ್ನೂ ಮಾಡದೆ ವೈದ್ಯರನ್ನು ಕಾಣಬೇಕು.

ಎರಡನೆಯದು, ಬಿದ್ದಾಗ ಒದಗುವ ನೆರವು. ಧರಿಸಿದವರು ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ಆಪಲ್ ವಾಚು ತಾನಾಗಿಯೇ ತುರ್ತು ಸೇವೆಗೆ ಕರೆಮಾಡಿ, ಮೊದಲೇ ಬರೆದಿಟ್ಟ ಆಪ್ತರಿಗೂ ಸುದ್ದಿ ಕಳುಹಿಸುತ್ತದೆ. ಒಂಟಿಯಾಗಿರುವ ವೃದ್ಧರಿಗೆ ಇದು ದೊಡ್ಡ ಆಸರೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಫೋನು ಹತ್ತಿರವಿರಬೇಕು, ಇಲ್ಲವೆ ವಾಚಿನಲ್ಲಿಯೇ ಮೊಬೈಲ್ ಸಂಪರ್ಕವಿರಬೇಕು. ಗೋಡೆಗೆ ಒರಗಿ ಮೆಲ್ಲಗೆ ಕುಸಿದುದು ಅದಕ್ಕೆ ತಿಳಿಯದೆಯೂ ಹೋಗಬಹುದು.

ಇನ್ನು ಕೊರತೆಗಳು. ಎಲ್ಲಕ್ಕಿಂತ ಮುಖ್ಯವಾದ ಮಾತು: ಈ ವಾಚು ಹೃದಯಾಘಾತವನ್ನು ಗುರುತಿಸಲಾರದು. ಇದನ್ನು ಕಂಪೆನಿಯೇ ಸ್ಪಷ್ಟವಾಗಿ ಹೇಳಿದೆ. ಎದೆನೋವು ಬಂದಾಗ ಮಣಿಕಟ್ಟಿನ ಇ.ಸಿ.ಜಿ. ‘ಲಯ ಸರಿಯಾಗಿದೆ’ ಎಂದಿತೆಂದು ಮನೆಯಲ್ಲಿ ಕುಳಿತರೆ ಪ್ರಾಣಕ್ಕೇ ಸಂಚಕಾರ. ಅಂತಹ ಹೊತ್ತಿನಲ್ಲಿ ವಾಚನ್ನು ನೋಡುತ್ತ ಕೂಡಬಾರದು. 2005ರಲ್ಲಿ ಇದೇ ಹೈದರಾಬಾದಿನಲ್ಲಿ ಆರಂಭವಾದ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು.

ಸಕ್ಕರೆ ಕಾಯಿಲೆಯವರಿಗೂ ಒಂದು ಮಾತು. ಸೂಜಿ ಚುಚ್ಚದೆಯೇ ರಕ್ತದ ಸಕ್ಕರೆಯನ್ನು ಅಳೆಯುತ್ತೇವೆನ್ನುವ ವಾಚು, ಉಂಗುರಗಳನ್ನು ನಂಬಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ತಪ್ಪು ಅಂಕಿಯನ್ನು ನಂಬಿ ಇನ್ಸುಲಿನ್ ಹೆಚ್ಚಾಗಿ ತೆಗೆದುಕೊಂಡರೆ ಅನಾಹುತವಾದೀತು.

ಇನ್ನು ದಿನನಿತ್ಯದ ತೊಡಕುಗಳು. ಆಪಲಿನ ಎಷ್ಟೋ ಮಾದರಿಗಳ ಬ್ಯಾಟರಿ ಕಂಪೆನಿಯ ಲೆಕ್ಕದಂತೆ 18 ಗಂಟೆ ಬರುತ್ತದೆ; ಅಲ್ಟ್ರಾ 36 ಗಂಟೆ. ಎಚ್.ಎಂ.ಟಿ.ಗೆ ಕೀಲಿ ಕೊಡಲು ಅರ್ಧ ನಿಮಿಷ ಸಾಕಿತ್ತು. ಇದನ್ನಾದರೋ ಕೈಯಿಂದ ಬಿಚ್ಚಿ ಚಾರ್ಜಿಗೆ ಇಡಬೇಕು, ಆ ಹೊತ್ತಿನಲ್ಲಿ ಅದರ ಕಾವಲಿಲ್ಲ. ಆಪಲ್ ವಾಚಿಗೆ ಐಫೋನೇ ಬೇಕು. ಸ್ಯಾಮ್‌ಸಂಗ್ 2021ರಿಂದ ತಂದ ಗ್ಯಾಲಕ್ಸಿ ವಾಚುಗಳಿಗೆ ಆಂಡ್ರಾಯ್ಡ್ ಫೋನೇ ಬೇಕು. ತಂದೆಯವರ ಬಳಿ ಯಾವ ಫೋನಿದೆಯೆಂದು ಕೇಳದೆ ವಾಚು ಕೊಂಡರೆ ಹಣ ವ್ಯರ್ಥ.

ಚಿನ್ನದ ಒಡವೆಯಂತೆ ಇದು ಮೊಮ್ಮಕ್ಕಳ ಕಾಲಕ್ಕೆ ಬರುವ ವಸ್ತುವೂ ಅಲ್ಲ. 2015ರಲ್ಲಿ ಆಪಲ್ ಕಂಪೆನಿ 18 ಕ್ಯಾರೆಟ್ ಚಿನ್ನದ ವಾಚನ್ನು 10,000 ಡಾಲರಿನಿಂದ ಮೇಲ್ಪಟ್ಟ ಬೆಲೆಗೆ ಮಾರಿತು. 2018ರಲ್ಲಿ ಬಂದ ಹೊಸ ತಂತ್ರಾಂಶ ಆ ವಾಚಿಗೆ ಹೊಂದಲಿಲ್ಲ. ಚಿನ್ನ ಚಿನ್ನವಾಗಿಯೇ ಉಳಿಯಿತು. ಒಳಗಿನ ಯಂತ್ರ ಮೂರೇ ವರ್ಷದಲ್ಲಿ ಹಿಂದೆ ಬಿದ್ದಿತು.

ಹೀಗಿರಲು ನಮ್ಮ ಅಭಿಪ್ರಾಯವಿಷ್ಟು: ಬರಿಯ ಹೆಜ್ಜೆ ಎಣಿಸಲು, ನಾಲ್ಕು ಜನರಿಗೆ ತೋರಿಸಲು ಇಷ್ಟು ಹಣ ಬೇಡ, ಅಗ್ಗದ ಪಟ್ಟಿಯೇ ಸಾಕು. ಒಂಟಿಯಾಗಿರುವ ಹಿರಿಯರಿಗೆ, ಲಯದೋಷದ ಶಂಕೆಯಿದ್ದು ವೈದ್ಯರು ಸಲಹೆ ಮಾಡಿದವರಿಗೆ, ಕೈಯಲ್ಲಿ ಹಣವೂ ಇದ್ದರೆ, ಕೊಳ್ಳುವುದು ಸಾರ್ಥಕ. ಕೊಂಡ ದಿನವೇ ಮಾಡಬೇಕಾದ ಕೆಲಸವೊಂದಿದೆ. ಆಪ್ತರ ಪಟ್ಟಿಯಲ್ಲಿ ಅಮೆರಿಕದ ಮಗನ ಹೆಸರೊಂದೇ ಇದ್ದರೆ ಸಾಲದು. ಅವನು ಸುದ್ದಿ ನೋಡಿ ಕಳವಳಪಟ್ಟಾನೇ ಹೊರತು ನಾಂಪಲ್ಲಿಯ ಮನೆಯ ಬಾಗಿಲು ತೆರೆಯಲಾರ. ಪಕ್ಕದ ಮನೆಯವರ ನಂಬರನ್ನೂ ಸೇರಿಸಿರಿ, ಅವರ ಕೈಯಲ್ಲಿ ಒಂದು ಬೀಗದ ಕೈಯನ್ನೂ ಕೊಟ್ಟಿರಿ. ವಾಚು ಕೂಗಿ ಕರೆಯಬಲ್ಲುದು. ಓಡಿಬಂದು ಎತ್ತಬೇಕಾದವರು ನೆರೆಹೊರೆಯವರೇ.