ಮೇನ್‌ಫ್ರೇಮ್ ಗಣಕಯಂತ್ರ: ವೇಗವೂ ಎಚ್ಚರವೂ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಶಾಲೆಯ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದ್ದರು. ಅವನ್ನು ಬರೆಯಬಲ್ಲವರು ಬೇರೆ ಇದ್ದಾರೆ. ನಮ್ಮಲ್ಲಿ ಕಲಿತು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಶಿಷ್ಯನೊಬ್ಬ ಓಣಂ ರಜೆಯಲ್ಲಿ ಕಾಟ್ಟಿಕುಳಂಗೆ ಬಂದಿದ್ದಾಗ, "ನಿನ್ನ ಕೆಲಸವೇನಪ್ಪಾ?" ಎಂದು ವಿಚಾರಿಸಿದೆ. "ಹಳೆಯ ಪ್ರೋಗ್ರಾಮುಗಳು ಬೇಗ ಓಡುವಂತೆ ಮಾಡುವುದು, ಮೇಷ್ಟ್ರೇ" ಎಂದ. ಅವನು ಎರಡು ಸಂಜೆ ಕುಳಿತು ತಿಳಿಸಿದ್ದನ್ನು, ಮಕ್ಕಳನ್ನು ಇಂಥ ಕೆಲಸಕ್ಕೆ ಕಳುಹಿಸಿರುವ ತಂದೆತಾಯಂದಿರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೇನ್‌ಫ್ರೇಮ್ ಎಂದರೆ ಬ್ಯಾಂಕು, ವಿಮಾ ಸಂಸ್ಥೆಗಳ ಲಕ್ಷಾಂತರ ಲೆಕ್ಕಗಳನ್ನು ಒಟ್ಟಿಗೆ ನಡೆಸುವ ದೊಡ್ಡ ಗಣಕಯಂತ್ರ. ಐ.ಬಿ.ಎಂ. ಕಂಪೆನಿಯು 1964ರಲ್ಲಿ ಪ್ರಕಟಿಸಿದ ಸಿಸ್ಟಮ್ 360 ಇಂದಿನ ಆ ಕಂಪೆನಿಯ ಯಂತ್ರಗಳ ಮೂಲಪುರುಷ. ಆ ಕುಲದ ಯಂತ್ರವೊಂದು 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇತ್ತು. ಲೆಕ್ಕಪತ್ರದ ಕೆಲಸಕ್ಕೆ ಇವುಗಳಲ್ಲಿ ಬಳಸುವ ಮುಖ್ಯ ಭಾಷೆ ಕೋಬಾಲ್. ಅದು ಹುಟ್ಟಿದ್ದು 1959-60ರಲ್ಲಿ. ಹಗಲಿನ ವ್ಯವಹಾರ ಮುಗಿದ ಮೇಲೆ ಬಡ್ಡಿ, ಪಿಂಚಣಿಗಳ ಲೆಕ್ಕವೆಲ್ಲ ಬೆಳಗಾಗುವುದರೊಳಗೆ ಮುಗಿಯಬೇಕು. ಇಲ್ಲಿಂದ ಮೈಸೂರಿಗೆ ಹೊರಟ ಲಾರಿ ಸಂಜೆ ಆರರೊಳಗೆ ಬಾವಲಿ ಗೇಟು ದಾಟಲೇಬೇಕಾದ ಹಾಗೆ. ಸಾಲದ್ದಕ್ಕೆ, ಯಂತ್ರವನ್ನು ಹೆಚ್ಚು ದುಡಿಸಿದಷ್ಟೂ ತಂತ್ರಾಂಶದ ತಿಂಗಳ ಶುಲ್ಕವೂ ಏರುತ್ತದೆ.

ಕೋಬಾಲಿನಲ್ಲಿ ಬರೆದುದನ್ನು ಯಂತ್ರದ ಭಾಷೆಗೆ ತರುವ ಭಾಷಾಂತರಕಾರನೇ ಕಂಪೈಲರ್. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ನಮಗೆ ಭಾಷಾಂತರದ ಕಷ್ಟ ಹೊಸತಲ್ಲ. ಕೆಲಸಕ್ಕೆ ಮುನ್ನ ಅವನಿಗೆ ಕೊಡುವ ಸೂಚನೆಗಳೇ ಆಯ್ಕೆಗಳು. ಆಪ್ಟಿಮೈಸ್ ಎಂದರೆ ವ್ಯರ್ಥ ಹೆಜ್ಜೆಗಳನ್ನು ಬಿಟ್ಟು ಭಾಷಾಂತರಿಸು ಎಂದರ್ಥ. ಭಾಷಾಂತರಕ್ಕೆ ಹೆಚ್ಚು ಹೊತ್ತು ಹಿಡಿದರೂ ಪ್ರತಿರಾತ್ರಿಯ ಓಟದಲ್ಲಿ ಉಳಿತಾಯವಾಗುತ್ತದೆ.

ನನ್ನನ್ನು ಯೋಚನೆಗೆ ಹಚ್ಚಿದ್ದು ಎಸ್‌ಎಸ್‌ರೇಂಜ್ ಎಂಬ ಕಾವಲಿನ ಆಯ್ಕೆ. ಐವತ್ತು ಸಾಲಿನ ಹಾಜರಿ ಪುಸ್ತಕದಲ್ಲಿ ಐವತ್ತೊಂದನೆಯ ಹೆಸರಿಗೆ ಸ್ಥಳವಿಲ್ಲವೆಂಬುದು ನಮ್ಮ ಕಣ್ಣಿಗೆ ಕಾಣುತ್ತದೆ. ಯಂತ್ರದ ಸ್ಮೃತಿಯಲ್ಲಾದರೋ ಆ ಹೆಸರು ಪಕ್ಕದ ತರಗತಿಯ ಪುಸ್ತಕದ ಮೇಲೆ ಬಿದ್ದು, ಅಲ್ಲಿದ್ದುದನ್ನು ಸದ್ದಿಲ್ಲದೆ ಅಳಿಸಬಹುದು. ಈ ಆಯ್ಕೆ ಇದ್ದರೆ ಪ್ರತಿ ಸಲವೂ ಸಾಲಿನ ಸಂಖ್ಯೆಯನ್ನು ನೋಡಿ, ಮೀರಿದೊಡನೆ ತಿಳಿಸುತ್ತದೆ. ನೋಡುವುದಕ್ಕೆ ಹೊತ್ತು ಬೇಕು. ಆದುದರಿಂದ ವೇಗ ಬೇಕೆಂದವರು ಮೊದಲು ತೆಗೆಯುವುದು ಇದನ್ನೇ. ಶಿಷ್ಯನ ಕೈಗೆ ಬಂದ ಪಿಂಚಣಿ ಲೆಕ್ಕವೊಂದರಲ್ಲಿ, ಪರೀಕ್ಷೆಗೆಂದು ಕಾವಲನ್ನು ಮರಳಿ ಹಾಕಿದ ಮೊದಲ ದಿನವೇ ಕೆಲಸ ನಿಂತಿತಂತೆ. ಎಷ್ಟು ವರ್ಷಗಳಿಂದ ಗೆರೆ ದಾಟುತ್ತಿತ್ತೋ! ಪಿಂಚಣಿಯಿಂದ ಬದುಕುವ ನನಗೆ ಅಂದಿನ ಕಾಫಿ ರುಚಿಸಲಿಲ್ಲ.

ಟ್ರಂಕ್ ಎಂಬುದು ಇನ್ನೊಂದು. ನಾಲ್ಕಂಕೆಯದೆಂದು ಗೊತ್ತುಮಾಡಿದ ದ್ವಿಮಾನ ರೂಪದ ಮನೆಯಲ್ಲಿ 12345 ಇಟ್ಟರೆ, ಎಸ್‌ಟಿಡಿ ಎಂಬ ವಿಧದಲ್ಲಿ 2345 ಮಾತ್ರ ಉಳಿಯುತ್ತದೆ. ಕತ್ತರಿಸಲು ಕೊಂಚ ಹೊತ್ತು ತಗಲುತ್ತದೆ. ಬಿನ್ ವಿಧದಲ್ಲಿ ಇಡೀ ಸಂಖ್ಯೆ ಉಳಿಯುತ್ತದೆ. ಆಪ್ಟ್ ಎಂದರೆ, "ನಾಲ್ಕಂಕೆ ಮೀರುವುದಿಲ್ಲ, ಅದಕ್ಕೆ ನಾನು ಹೊಣೆ, ನೀನು ಬೇಗ ಮುಗಿಸು" ಎಂದು ಕಂಪೈಲರಿಗೆ ಮಾತು ಕೊಟ್ಟಂತೆ. ಮಾತು ತಪ್ಪಿದರೆ ಉತ್ತರ ಏನು ಬರುವುದೆಂದು ಹೇಳುವಂತಿಲ್ಲ.

ಇಷ್ಟು ಅಪಾಯವಿಲ್ಲದ ಲಾಭವೂ ಉಂಟು. ಕರಿಮೆಣಸಿನ ಮೂಟೆಗಳನ್ನು ಜೀಪಿಗೆ ಒಂದರಂತೆ ಮಾನಂದವಾಡಿಗೆ ಸಾಗಿಸುವವನನ್ನು ನೋಡಿ ನಗುತ್ತೇವಲ್ಲವೇ? ಕೋಬಾಲ್ ಪ್ರೋಗ್ರಾಮಿನಲ್ಲಿ ಕಡತದ ಬ್ಲಾಕಿನ ಗಾತ್ರ ಹೇಳದೆ ಬಿಟ್ಟರೆ, ಬರೆಯುವಾಗ ಒಂದೊಂದು ದಾಖಲೆಗೂ ಒಂದೊಂದು ಬ್ಲಾಕಾಗುತ್ತದೆ. ಬ್ಲಾಕ್ ಜೀರೋ ಎಂದರೆ ತಕ್ಕ ಗಾತ್ರವನ್ನು ವ್ಯವಸ್ಥೆಯೇ ಆರಿಸಿ, ಅನೇಕ ದಾಖಲೆಗಳನ್ನು ಒಮ್ಮೆಗೇ ಒಯ್ಯುತ್ತದೆ.

ಪ್ರೋಗ್ರಾಂ ಓಡುವಾಗ ಕೊಡುವ ಆಯ್ಕೆಗಳು ಬೇರೆ. ಹೀಪ್, ಸ್ಟ್ಯಾಕ್ ಎಂಬವು ಮೊದಲಿಗೆ ಎಷ್ಟು ಸ್ಮೃತಿ, ಸಾಲದಿದ್ದರೆ ಮತ್ತೆಷ್ಟು ಎಂದು ನಿಗದಿಮಾಡುತ್ತವೆ. ಶಾಲೆಯ ಗಂಜಿಗೆ ಪಾವು ಪಾವಾಗಿ ಅಕ್ಕಿ ತರಲು ಉಗ್ರಾಣಕ್ಕೆ ಅಲೆಯುವುದಕ್ಕಿಂತ ಒಮ್ಮೆಗೇ ಅಳೆದು ತರುವುದು ಲೇಸು. ಎಷ್ಟು ಬೇಕಾಯಿತೆಂದು ಆರ್‌ಪಿಟಿಎಸ್‌ಟಿಜಿ ಎಂಬ ಆಯ್ಕೆ ವರದಿ ಕೊಡುತ್ತದೆ. ವರದಿ ಬರೆಯುವುದಕ್ಕೂ ಹೊತ್ತು ಬೇಕಾದುದರಿಂದ, ಅಳತೆ ಸಿಕ್ಕಿದ ಮೇಲೆ ಅದನ್ನು ನಿಲ್ಲಿಸಬೇಕು.

2013ರಲ್ಲಿ ಬಂದ ಐದನೆಯ ಆವೃತ್ತಿಯ ಕೋಬಾಲ್ ಕಂಪೈಲರಿನಲ್ಲಿ ಆರ್ಚ್ ಎಂಬ ಆಯ್ಕೆ ಸೇರಿತು. ಹೊಸ ಯಂತ್ರದ ಹೊಸ ಆಜ್ಞೆಗಳನ್ನು ಬಳಸಲು ಅದು ಅನುಮತಿ ಕೊಡುತ್ತದೆ. ಆದರೆ ಆಪತ್ಕಾಲಕ್ಕೆಂದು ಬೇರೆ ಊರಿನಲ್ಲಿಟ್ಟ ಮೀಸಲು ಯಂತ್ರ ಹಳೆಯದಾಗಿದ್ದರೆ ಆ ಆಜ್ಞೆಗಳು ಅದಕ್ಕೆ ತಿಳಿಯವು. ಬೇಕಾದ ಹೊತ್ತಿಗೇ ಪ್ರೋಗ್ರಾಂ ನಿಂತುಬಿಡುತ್ತದೆ. ತಮ್ಮ ಮೀಸಲು ಯಂತ್ರ ಯಾವ ಕಾಲದ್ದೆಂದು ಕೇಳಿದೆ. "ಹೋದ ಕೂಡಲೇ ನೋಡುತ್ತೇನೆ, ಮೇಷ್ಟ್ರೇ" ಎಂದು, ಗೇಟು ಮುಚ್ಚುವುದರೊಳಗೆ ಹೊರಟ.